ಎಣ್ಣೆಯಲ್ಲಿ ನೋಡಬೇಕಾದ ಮುಖ

ಗುರುವಾರ ಬೆಳಿಗ್ಗೆ ಬಳ್ಳಾರಿಯಲ್ಲಿ ರಾಯದುರ್ಗದ ಪ್ಯಾಸೆಂಜರ್ ಹತ್ತಿದಾಗ ಹೆಗಲಿನಲ್ಲಿದ್ದ ಚೀಲ ನನ್ನದು, ಅದರೊಳಗಿದ್ದ ಕ್ಯಾಮೆರಾ ನನ್ನದಲ್ಲ. ಬೆಂಗಳೂರಿನ ಪರಿಚಯದ ಅಂಗಡಿಯವರು ಒಂದು ವಾರ ಬಳಸಿ ನೋಡಲು ಕೊಟ್ಟಿದ್ದರು. ಕೈಗೆ ಒಗ್ಗಿದರೆ ಇಟ್ಟುಕೊಳ್ಳುವುದು, ಇಲ್ಲದಿದ್ದರೆ ಮುಂದಿನ ಗುರುವಾರ ಕೊರಿಯರಿನಲ್ಲಿ ವಾಪಸ್ ಹಾಕುವುದು, ಇದು ಮಾತು. ರೋಲಿನ ಬದಲು ಕಾರ್ಡಿನಲ್ಲಿ ಚಿತ್ರ ಹಿಡಿಯುವ ಡಿಜಿಟಲ್ ಎಸ್ಸೆಲ್ಲಾರ್ ಎಂಬ ಜಾತಿಯೇ ಆಗಿನ್ನೂ ನಮ್ಮ ಕಡೆ ಹೊಸದು. ನಾನು ಕಂಡಿದ್ದ ಒಂದೆರಡು ಪತ್ರಿಕೆಯವರ ಕೊರಳಲ್ಲಿ ಇಟ್ಟಿಗೆಯ ಹಾಗೆ ತೂಗುತ್ತಿದ್ದವು. ಇದು ಮಾತ್ರ ಪುಟ್ಟದು. ಎಷ್ಟು ಪುಟ್ಟದೆಂದರೆ, ಬಿಗಿಯಾಗಿ ಹಿಡಿದರೆ ನನ್ನ ಕಿರುಬೆರಳಿಗೆ ಜಾಗವೇ ಸಿಗದೆ ಕೆಳಗೆ ನೇತಾಡುತ್ತಿತ್ತು.

ನಮ್ಮದು ಬಳ್ಳಾರಿಯಲ್ಲಿ ಒಂದು ಸಣ್ಣ ಸ್ಟುಡಿಯೋ. ಫೋಟೋ ಹೊಡೆಯುವವನು ನಾನು, ತೊಳೆಯುವವಳು ನನ್ನ ಹೆಂಡತಿ ಗಿರಿಜಾ. ಬಣ್ಣದ ರೋಲು ಲ್ಯಾಬಿಗೆ ಹೋಗುತ್ತಿತ್ತು, ಕಪ್ಪು ಬಿಳುಪಿನದು ಅವಳ ಕತ್ತಲಕೋಣೆಯಲ್ಲೇ ಆಗಬೇಕು. ಬುಧವಾರ ಬಂದ ಆ ಹೊಸ ಪೆಟ್ಟಿಗೆಯನ್ನು ಅವಳು ಮುಟ್ಟಿಯೂ ನೋಡಲಿಲ್ಲ. ಹೊರಡುವಾಗ ಬಾಗಿಲಲ್ಲಿ ನಿಂತು, "ಇದು ಬಂದ್ರ ನನ್ನ ಕತ್ತಲಕ್ವಾಣಿ ಏನ್ ಮಾಡ್ಲಿ ಹೇಳ್ರಿ, ಉಳ್ಳಾಗಡ್ಡಿ ಹರವಲೇನು?" ಎಂದಳು. ನಾನು ಉತ್ತರ ಕೊಡದೆ ಚಪ್ಪಲಿ ಮೆಟ್ಟಿದೆ. ಇಪ್ಪತ್ತೆರಡು ವರ್ಷದ ಸಂಸಾರದಲ್ಲಿ ಕಲಿತ ವಿದ್ಯೆ ಅದೊಂದೇ.

ಪರೀಕ್ಷೆಗೆ ನಾನು ಎರಡು ಬಣ್ಣ ಆರಿಸಿಕೊಂಡಿದ್ದೆ. ಒಂದು ರಾಯದುರ್ಗದ ಜೀನ್ಸ್ ನೀಲಿ. ಅಲ್ಲಿಯ ಹೊಲಿಗೆ ಕಾರ್ಖಾನೆಯವರಿಗೆ ಪ್ಯಾಂಟಿನ ಫೋಟೋ ಹೊಡೆದುಕೊಟ್ಟು, ಪ್ರಿಂಟಿನಲ್ಲಿ ಅದು ಬದನೆಕಾಯಿ ಬಣ್ಣಕ್ಕೆ ತಿರುಗಿ, ಬೈಸಿಕೊಂಡ ಅನುಭವ ನನಗಿತ್ತು. ಇನ್ನೊಂದು ಹೇಮಾವತಿಯ ಕಪ್ಪು. ಮಡಕಶಿರಾದ ಆಚೆ, ನೊಳಂಬರ ಕಾಲದ ಆ ಗುಡಿಯ ಕರಿಕಲ್ಲಿನ ಕಂಬಗಳನ್ನು ಫಿಲ್ಮಿನಲ್ಲಿ ಮೂರು ಸಲ ಹೊಡೆದು ಮೂರು ಸಲವೂ ಮಸಿ ಮುದ್ದೆ ತಂದಿದ್ದೆ. ನೀಲಿ ನೀಲಿಯಾಗಿ, ಕಪ್ಪು ಕಪ್ಪಾಗಿ ಕಂಡರೆ ಈ ಪೆಟ್ಟಿಗೆ ನನ್ನದು, ಇಲ್ಲದಿದ್ದರೆ ಗಿರಿಜಾಳ ಮಾತೇ ನಡೆಯಲಿ ಎಂದುಕೊಂಡು ಹೊರಟೆ.

ಐವತ್ತು ಚಿಲ್ಲರೆ ಕಿಲೋಮೀಟರ್ ದಾರಿಗೆ ರೈಲು ಎರಡು ತಾಸು ತೆಗೆದುಕೊಂಡಿತು. ಕಾರ್ತೀಕ ಮುಗಿದಿತ್ತು. ಹೊಲದಲ್ಲಿ ಕಿತ್ತ ಶೇಂಗಾ ಬಳ್ಳಿಯ ಗುಪ್ಪೆಗಳು, ಅವುಗಳ ನಡುವೆ ತೆಳ್ಳಗೆ ಮಂಜು. ಕಿಟಕಿಯ ಸರಳಿಗೆ ತಲೆ ಆನಿಸಿ ಅರೆ ನಿದ್ದೆಯಲ್ಲಿದ್ದೆ. ಮಂಜಿನ ಮೇಲೆ ಬರೀ ಬೇವಿನ ಮರಗಳ ತಲೆಗಳು ತೇಲುತ್ತ ಬರುತ್ತಿದ್ದವು, ಹೋಗುತ್ತಿದ್ದವು. ಒಂದು ಫೋಟೋ ಹೊಡೆದೆ. ಹೊಡೆದ ಕೂಡಲೇ ನನ್ನ ಹೆಬ್ಬೆರಳು ರೋಲು ಮುಂದಕ್ಕೆಳೆಯಲು ಹೋಗಿ ಬರೀ ಗಾಳಿಯನ್ನು ಎಳೆಯಿತು. ಎದುರಿಗೆ ಕೂತಿದ್ದ ಅಜ್ಜಿ ನನ್ನ ಹೆಬ್ಬೆರಳಿಗೆ ಏನಾಗಿದೆಯೋ ಎಂದು ಮರುಕದಿಂದ ನೋಡಿದಳು.

ರಾಯದುರ್ಗದಲ್ಲಿ ಇಳಿದರೆ ಮೊದಲು ಕಾಣುವುದು ಕೋಟೆಯ ಬೆಟ್ಟ, ಆಮೇಲೆ ಕೇಳುವುದು ಹೊಲಿಗೆ ಯಂತ್ರ. ಸ್ಟೇಷನ್ನಿನ ಹತ್ತಿರ ಒಗ್ಗರಣೆ ಮಂಡಕ್ಕಿ, ಎರಡು ಮಿರ್ಚಿ ತಿಂದು ಕಾರ್ಖಾನೆಗೆ ನಡೆದೆ. ಕಾರ್ಖಾನೆ ಎಂದರೆ ಮನೆಯ ಮಹಡಿ ಮೇಲಿನ ಉದ್ದನೆಯ ಹಜಾರ, ಸಾಲಾಗಿ ನಲವತ್ತು ಯಂತ್ರ. ಬೆಳುಗುಪ್ಪ ಕಡೆಯಿಂದ ಬೆಳಗಿನ ಬಸ್ಸಿಗೆ ಬಂದ ಹೆಣ್ಣುಮಕ್ಕಳು ಆಗಲೇ ತಲೆ ಬಗ್ಗಿಸಿ ಕೂತಿದ್ದರು. ಪೂರ್ವದ ಕಿಟಕಿಗಳಿಂದ ಬಿಸಿಲು ಓರೆಯಾಗಿ ಬೀಳುತ್ತಿತ್ತು. ಆ ಬಿಸಿಲಿನಲ್ಲಿ ಬಟ್ಟೆಯಿಂದ ಎದ್ದ ನೂಲಿನ ನೀಲಿ ನವಿರು ತೇಲಾಡುತ್ತಿತ್ತು, ಕೆಳಗೂ ಇಳಿಯದೆ ಮೇಲಕ್ಕೂ ಹೋಗದೆ. ಅವರ ಹುಬ್ಬು, ಮುಂಗೂದಲು, ಮಾಂಗಲ್ಯದ ದಾರ ಎಲ್ಲದರ ಮೇಲೂ ಅದೇ ನೀಲಿ. ನನಗೆ ಬಂದ ಕೆಲಸ ಮರೆತುಹೋಗಿ ಸ್ವಲ್ಪ ಹೊತ್ತು ಸುಮ್ಮನೆ ನಿಂತುಬಿಟ್ಟೆ.

ಸಾಹುಕಾರರು ಒಬ್ಬ ಟೈಲರನನ್ನು ನನ್ನ ಜೊತೆ ಬಿಟ್ಟರು. ಹೆಸರು ತಿಪ್ಪೇಸ್ವಾಮಿ, ಮೂವತ್ತರ ಆಸುಪಾಸು, ಪ್ಯಾಂಟಿನ ಜೇಬು ಹೊಲಿಯುವುದರಲ್ಲಿ ಗಟ್ಟಿಗ. ಬಲಗಿವಿಯ ಮೇಲ್ತುದಿ, ಪುಸ್ತಕದ ಹಾಳೆ ಮಡಿಚಿದ ಹಾಗೆ, ಹುಟ್ಟಿನಿಂದಲೇ ಮಡಿಚಿಕೊಂಡಿತ್ತು. ಅವನು ಪ್ಯಾಂಟು ಹರಡಿ ಹಿಡಿದ, ನಾನು ಹೊಡೆದೆ, ಹಿಂದಿನ ಪರದೆಯಲ್ಲಿ ತೋರಿಸಿದೆ. ಬೆಂಕಿಪೊಟ್ಟಣಕ್ಕಿಂತ ಚಿಕ್ಕ ಪರದೆ ಅದು. ಅವನು ಪ್ಯಾಂಟನ್ನು ಅದರ ಪಕ್ಕಕ್ಕೆ ಹಿಡಿದು ಕಣ್ಣು ಕಿರಿದು ಮಾಡಿದ.

"ಇದು ಎರಡನೇ ತೊಳೆತದ ನೀಲಿ ಐತ್ರಿ. ನಿಮ್ಮ ಪೆಟ್ಟಿಗ್ಯಾಗ ಮೂರನೇ ತೊಳೆತ ಬಂದೈತಿ."

ಜೀನ್ಸ್ ಬಟ್ಟೆಯನ್ನು ತೊಳೆದಷ್ಟೂ ನೀಲಿ ಇಳಿಯುತ್ತದೆ, ಎಷ್ಟನೆಯ ತೊಳೆತ ಎಂಬುದು ಅವರಿಗೆ ಕಣ್ಣಿನಲ್ಲೇ ಗೊತ್ತು. ನಾನು ಟ್ಯೂಬ್‌ಲೈಟು ಆರಿಸಿಸಿ, ಬಿಳಿ ಹಾಳೆಯೊಂದನ್ನು ಕ್ಯಾಮೆರಾಕ್ಕೆ ತೋರಿಸಿ, ಇದು ಬಿಳಿ ಕಣಪ್ಪಾ ಎಂದು ಅದಕ್ಕೆ ಕಲಿಸಿಕೊಟ್ಟು, ಮತ್ತೆ ಹೊಡೆದೆ. "ಈಗ ಬಂತ್ ನೋಡ್ರಿ!" ಎಂದ ತಿಪ್ಪೇಸ್ವಾಮಿ. ಬಳ್ಳಾರಿಯ ಯಾವ ಲ್ಯಾಬೂ ಅಷ್ಟು ಖಚಿತವಾಗಿ ತೀರ್ಪು ಕೊಟ್ಟಿರಲಿಲ್ಲ. ನೀಲಿಯ ಪರೀಕ್ಷೆ ಪಾಸಾಯಿತು.

ಚಹಾ ಕುಡಿಯುವಾಗ ಅವನು ಒಂದೊಂದೇ ಪ್ರಶ್ನೆ ಎತ್ತಿದ. ಹೊಡೆದದ್ದು ಆಗಿಂದಾಗಲೇ ಕಾಣುತ್ತದೆಯೇ? ಕಾಗದಕ್ಕೆ ಹಾಕಲೇಬೇಕೇ? ಬೇಡವೆಂದರೆ ಅಳಿಸಬಹುದೇ? ಹೌದು, ಬೇಕಿಲ್ಲ, ಅಳಿಸಬಹುದು ಎಂದೆ. ನಾಡಿದ್ದು ನಾನು ಹೇಮಾವತಿಗೆ ಹೋಗುವವನು ಎಂದದ್ದೇ ತಡ, ಲೋಟ ಕೆಳಗಿಟ್ಟ.

"ಅಲ್ಲೇ ಹತ್ರದ ಹಳ್ಳ್ಯಾಗ ನನ್ನ ಹೆಂಡ್ತಿ ತವರುಮನಿ ಐತ್ರಿ. ನನ್ನ ಕೂಸು ಅಲ್ಲೇ ಐತಿ. ಎರಡು ತಿಂಗಳಾತು. ನಾ ಇನ್ನಾ ಮುಖ ನೋಡಿಲ್ರಿ."

ಕೂಸು ಮೂಲಾ ನಕ್ಷತ್ರದ ಮೊದಲ ಪಾದದಲ್ಲಿ ಹುಟ್ಟಿತ್ತು. ತಂದೆಗೆ ಆಗಿಬರುವುದಿಲ್ಲ, ಆರು ತಿಂಗಳು ತುಂಬುವವರೆಗೆ ಅವನು ಮುಖ ನೋಡಕೂಡದು ಎಂದು ಪಂಚಾಂಗದವರು ಹೇಳಿದ್ದರು. ಆಮೇಲೂ ನೇರ ನೋಡುವ ಹಾಗಿಲ್ಲ. ಶಾಂತಿ ಮಾಡಿಸಿ, ಕಂಚಿನ ಬಟ್ಟಲಿಗೆ ಎಣ್ಣೆ ಹಾಕಿ, ಎಣ್ಣೆಯಲ್ಲಿ ಬಿದ್ದ ಮುಖವನ್ನು ಮೊದಲು ನೋಡಬೇಕು. ಈ ಶಾಸ್ತ್ರ ನಮ್ಮ ಕಡೆಯೂ ಉಂಟು. ಆದರೆ ತಿಪ್ಪೇಸ್ವಾಮಿಗೆ ಆರು ತಿಂಗಳು ಕಾಯುವ ಅವಕಾಶ ಇರಲಿಲ್ಲ. ಮುಂಬೈ ಕಡೆಯ ಜೀನ್ಸ್ ಕಾರ್ಖಾನೆಯೊಂದಕ್ಕೆ ಅವನನ್ನೂ ಇನ್ನು ನಾಲ್ವರನ್ನೂ ಒಂದು ವರ್ಷಕ್ಕೆ ಒಪ್ಪಿಸಿದ್ದರು. ಭಾನುವಾರ ಸಂಜೆ ಐದರ ಬಸ್ಸಿಗೆ ಗುಂತಕಲ್ಲು, ಅಲ್ಲಿಂದ ರೈಲು.

"ಎರಡು ಸಲ ಹೋಗಿ ಬಂದೀನ್ರಿ. ಕಟ್ಟಿ ಮ್ಯಾಲೆ ಬಾಗಿಲಿಗೆ ಬೆನ್ನು ಹಾಕಿ ಕುಂದ್ರಿಸ್ತಾರ. ಒಳಗ ಅಳೋದು ಕೇಳ್ತೈತಿ. ಅಷ್ಟ."

ನನಗೆ ಸಿಟ್ಟು ಬಂತು. ಓದು ಬರಹ ಬಲ್ಲವನು, ಇದನ್ನೆಲ್ಲ ನಂಬುತ್ತೀಯಾ ಎಂದು ಗದರಿದೆ. ಅವನು ನಗಲಿಲ್ಲ, ಬೇಜಾರೂ ಮಾಡಿಕೊಳ್ಳಲಿಲ್ಲ.

"ನಾ ನಂಬಂಗಿಲ್ರಿ. ಆದ್ರ ಮುಂಬೈದಾಗ ನನಗೇನರ ಹೆಚ್ಚು ಕಡಿಮಿ ಆತಂದ್ರ, ನಾ ಮುಖ ನೋಡಿದ್ದಕ್ಕ ಆತು ಅಂತಾರ. ಹುಟ್ಟಿ ಅಪ್ಪನ್ನ ತಿಂದ್ಳು ಅಂತ ಆ ಕೂಸಿಗೆ ಸಾಯೋತನಕ ಅನ್ನಿಸಿಕೊಳ್ಳೋದು ಬರ್ತೈತಿ. ಅದ್ಯಾಕ ಬೇಕ್ರಿ?"

ಹೆಣ್ಣು ಕೂಸು ಎಂಬುದೂ ನನಗೆ ಆಗಲೇ ಗೊತ್ತಾದದ್ದು. ಕಾಗದದ ಫೋಟೋಕ್ಕೆ ಅತ್ತೆ ಒಪ್ಪಿರಲಿಲ್ಲವಂತೆ, ಕರೆಸಿದ ಫೋಟೋದವನನ್ನು ಬಾಗಿಲಿಂದಲೇ ಹಿಂದಕ್ಕೆ ಕಳಿಸಿದ್ದಳಂತೆ. "ನಿಮ್ಮದು ಕಾಗದ ಇಲ್ಲಲ್ರಿ. ಕೇಳಿ ನೋಡ್ರಿ. ಒಲ್ಲೆ ಅಂದ್ರ ಬಿಟ್ಟು ಬರ್ರಿ. ಕಿವಿ ಯಾರಂಗ ಐತಿ ಅಂತ ಅಷ್ಟರ ನೋಡಿ ಬಂದು ಹೇಳ್ರಿ" ಎಂದ. ನಾನು ಆಗಲಿ ಎಂದುಬಿಟ್ಟೆ.

ಶುಕ್ರವಾರ ಇಡೀ ದಿನ ಬಸ್ಸಿನಲ್ಲಿ ಹೋಯಿತು. ರಾಯದುರ್ಗದಿಂದ ಕಲ್ಯಾಣದುರ್ಗ, ಅಲ್ಲಿಂದ ಪಾವಗಡ, ಅಲ್ಲಿಂದ ಮಡಕಶಿರಾ. ಮೂರು ಬಸ್ಸು, ಮೂರೂ ಸೇರಿ ಐವತ್ತು ರೂಪಾಯಿಯ ಒಳಗೆ. ಈ ದಾರಿಯ ತಮಾಷೆ ಏನೆಂದರೆ, ಆಂಧ್ರದಲ್ಲಿ ಹೊರಟವನು ನಡುವೆ ಪಾವಗಡದಲ್ಲಿ ಕರ್ನಾಟಕಕ್ಕೆ ಬಿದ್ದು, ಮತ್ತೆ ಆಂಧ್ರದಲ್ಲಿ ಏಳುತ್ತಾನೆ. ನಾನು ತೂಕಡಿಸುತ್ತ, ಎಚ್ಚರಾಗುತ್ತ ಕೂತಿದ್ದೆ. ಒಮ್ಮೆ ಕಣ್ಣು ಬಿಟ್ಟರೆ ಅಂಗಡಿಯ ಬೋರ್ಡು ತೆಲುಗು, ಮತ್ತೊಮ್ಮೆ ಬಿಟ್ಟರೆ ಕನ್ನಡ, ಮತ್ತೆ ತೆಲುಗು. ಕಂಡಕ್ಟರು "ಎಕ್ಕಡಿಕಣ್ಣಾ?" ಎಂದು ಕೇಳಿ, ನಾನು ಬಾಯಿ ತೆಗೆಯುವ ಮೊದಲೇ "ಮಡಕಶಿರಾನಾ?" ಎಂದು ತಾನೇ ಚೀಟಿ ಹರಿದ. ಬಂಡೆ, ಹುಣಸೆಮರ, ಕುರಿಹಿಂಡು, ಬಂಡೆ. ನಿದ್ದೆಯ ಒಳಗೂ ಹೊರಗೂ ಒಂದೇ ಊರು ಬಂದುಹೋದಂತೆ ಇತ್ತು.

ಮಡಕಶಿರಾದಲ್ಲಿ ಬಸ್‌ಸ್ಟ್ಯಾಂಡ್ ಎದುರಿನ ಲಾಡ್ಜಿನಲ್ಲಿ ಇಳಿದುಕೊಂಡೆ. ರಾಗಿಮುದ್ದೆ, ಹುರುಳಿಕಾಳಿನ ಸಾರು, ಪಕ್ಕಕ್ಕೆ ಚಟ್ನಿ. ನಾನು ಶೇಂಗಾ ಚಟ್ನಿ ಇನ್ನಷ್ಟು ಹಾಕಿ ಎಂದರೆ ಬಡಿಸುವವನು "ಕಡ್ಲೆಕಾಯಿ ಚಟ್ನಿನಾ?" ಎಂದು ತಿದ್ದಿ ಬಡಿಸಿದ. ಕರೆಂಟು ಹೋಗುತ್ತ ಬರುತ್ತ ಇದ್ದುದರಿಂದ ಬ್ಯಾಟರಿ ಅರ್ಧವಷ್ಟೇ ತುಂಬಿತು. ಇದ್ದದ್ದು ಒಂದೇ ಬ್ಯಾಟರಿ. ಫಿಲ್ಮ್ ಕ್ಯಾಮೆರಾ ಆಗಿದ್ದರೆ ಈ ಚಿಂತೆ ಇರುತ್ತಿರಲಿಲ್ಲ ಎಂದು ಗೊಣಗುತ್ತ ಮಲಗಿದೆ.

ಶನಿವಾರ ಬೆಳಿಗ್ಗೆ ಅಮರಾಪುರದ ಮೇಲೆ ಹೋಗುವ ಬಸ್ಸು ಹಿಡಿದು ಹೇಮಾವತಿಗೆ ಹೋದೆ. ಸಿದ್ಧೇಶ್ವರನ ಗುಡಿಯಲ್ಲಿ ಪೂಜಾರಿ ಬಿಟ್ಟರೆ ಯಾರೂ ಇರಲಿಲ್ಲ. ಕರಿಕಲ್ಲಿನ ಕಂಬಗಳು ತಣ್ಣಗೆ ನಿಂತಿದ್ದವು. ನುಣುಪು ಎಂದರೆ ಎಂಥ ನುಣುಪು! ಹತ್ತಿರ ಹೋದರೆ ನನ್ನದೇ ನೆರಳು ಅದರೊಳಗಿಂದ ಮಸುಕಾಗಿ ಎದ್ದು ಬರುತ್ತಿತ್ತು. ಕ್ಯಾಮೆರಾದ ಕತ್ತಲ ಕಣ್ಣನ್ನು ಪೂರ್ತಿ ತೆರೆದು, ಉಸಿರು ಬಿಗಿಹಿಡಿದು, ಫ್ಲ್ಯಾಷ್ ಇಲ್ಲದೆ ಹೊಡೆದೆ. ಸ್ವಲ್ಪ ರವೆ ರವೆಯಾಗಿ ಬಂತು, ನಿಜ. ಆದರೆ ಕಪ್ಪಿನೊಳಗೆ ಕೆತ್ತಿದ ಬಳ್ಳಿ ಬಂತು, ಬಳ್ಳಿಯೊಳಗೆ ಹಕ್ಕಿ ಬಂತು. ಮೂರು ಸಲ ತಪ್ಪಿಸಿಕೊಂಡ ಹಕ್ಕಿ ಅದು. ನಾನು ಅಲ್ಲಿಯೇ ಕಲ್ಲುಹಾಸಿನ ಮೇಲೆ ಕೂತು ಒಬ್ಬನೇ ನಕ್ಕೆ.

ತಿಪ್ಪೇಸ್ವಾಮಿಯ ಅತ್ತೆಯ ಊರಿಗೆ ಅಲ್ಲಿಂದ ಎರಡು ಮೈಲಿ ನಡಿಗೆ. ಎರಡೂ ಕಡೆ ಹಿಪ್ಪುನೇರಳೆ ತೋಟ. ಮನೆ ಸಿಕ್ಕಿತು, ಆದರೆ ಹೊಸ್ತಿಲು ದಾಟಲು ಬಿಡಲಿಲ್ಲ. "ಅಲ್ಲೇ ನಿಂತ್ಕಳಪ್ಪ, ಹುಳ ಸಾಕಿದೀವಿ" ಎಂದು ಒಳಗಿಂದ ಕೂಗು ಬಂತು. ರೇಷ್ಮೆಹುಳ ಸಾಕುವ ಮನೆಗೆ ಹೊರಗಿನವರು ಹಾಗೆಲ್ಲ ನುಗ್ಗುವಂತಿಲ್ಲ. ಅತ್ತೆ ಈರಮ್ಮ ಹೊರಬಂದು, ಸುಣ್ಣದ ನೀರಿನಲ್ಲಿ ಕಾಲು ತೊಳೆಸಿ, ಪಡಸಾಲೆಯವರೆಗೆ ಬರಗೊಟ್ಟಳು. ಐವತ್ತೈದರ ಗಟ್ಟಿ ಹೆಂಗಸು, ಸೆರಗು ಸೊಂಟಕ್ಕೆ ಸಿಕ್ಕಿಸಿದ್ದಳು. ಒಳಗಡೆ ಹುಳಗಳು ಸೊಪ್ಪು ಮೇಯುವ ಸದ್ದು ಸಣ್ಣ ಮಳೆಯ ಹಾಗೆ ಒಂದೇ ಸಮ ಕೇಳುತ್ತಿತ್ತು. ಪಡಸಾಲೆಯ ತೊಲೆಗೆ ಹಳೆ ಸೀರೆಯ ಜೋಲಿ. ಅದರ ಪಕ್ಕ ಮಗಳು ರತ್ನ, ತಿಪ್ಪೇಸ್ವಾಮಿಯ ಹೆಂಡತಿ, ಜೋಲಿಯ ಹಗ್ಗ ಹಿಡಿದು ಕೂತಿದ್ದಳು.

ನಾನು ಬಂದ ವಿಷಯ ಹೇಳಿದೆ. ಈರಮ್ಮ ಕಡೆಯವರೆಗೂ ಕೇಳಿ, "ಆಗಲ್ಲ ಕಣಪ್ಪ" ಎಂದಳು. "ಅವನ ಮ್ಯಾಲಿನ ಪ್ರೀತಿಗೇ ಬ್ಯಾಡ ಅಂತಿರೋದು. ಫೋಟೋ ಅಂದ್ರೆ ಮುಖಾನೇ ಅಲ್ವಾ? ಮುಖ ಅಂಗೇ ನಿಂತ್ಕಂಡಿರ್ತೈತೆ."

"ಕಾಗದ ಇಲ್ಲಮ್ಮ. ಇದರೊಳಗೆ ಕಾಣುತ್ತೆ, ನೋಡಿ ಅಳಿಸಿಬಿಡೋದು."

"ಇದ್ರಾಗೆ ಮುಖ ಎಲ್ಲಿಂದ ಬತ್ತೈತೆ? ತೋರ್ಸು."

ನಾನು ಆಗ ಮಾಡಬಾರದ್ದನ್ನು ಮಾಡಿದೆ. ಸೊಪ್ಪಿನ ಧೂಳಿನ ಆ ಮನೆಯಲ್ಲಿ, ಇನ್ನೊಬ್ಬರ ಹೊಸ ಕ್ಯಾಮೆರಾದ ಲೆನ್ಸ್ ಬಿಚ್ಚಿ, ಒಳಗೆ ಓರೆಯಾಗಿ ನಿಂತಿರುವ ಉಗುರಗಲದ ಕನ್ನಡಿಯನ್ನು ಅವಳಿಗೆ ತೋರಿಸಿದೆ. ಈರಮ್ಮ ಬಗ್ಗಿ ನೋಡಿದಳು. ಕನ್ನಡಿಯಲ್ಲಿ ಅವಳ ಒಂದು ಕಣ್ಣು ಬಿತ್ತು.

"ಕನ್ನಡಿ ಐತಲ್ಲಾ!" ಎಂದಳು. ಆಮೇಲೆ ಇನ್ನೊಮ್ಮೆ ಬಗ್ಗಿ ಇಣುಕಿದಳು. "ಕನ್ನಡೀಲಿ ಕಂಡಿದ್ದು ಮುಖ ಅಲ್ಲ, ನೆಳ್ಳು. ಎಣ್ಣೇಲಿ ಕಾಣೋದೂ ನೆಳ್ಳೇ. ಎಣ್ಣೆ ಅಲ್ಲಾಡಿದ್ರೆ ಅದೂ ಹೋಗ್ತೈತೆ. ನಿಂದೂ ಅಂಗೇ ಹೋಗ್ತೈತಾ?"

ಇಲ್ಲಿ ನಾನೊಂದು ಸತ್ಯ ಹೇಳಬೇಕಿತ್ತು. ಫೋಟೋ ಬೀಳುವ ಆ ಕ್ಷಣಕ್ಕೆ ಒಳಗಿನ ಕನ್ನಡಿ ಮೇಲಕ್ಕೆದ್ದು ದಾರಿ ಬಿಡುತ್ತದೆ. ಫೋಟೋದಲ್ಲಿ ಬೀಳುವುದು ಕನ್ನಡಿಯ ಬಿಂಬವಲ್ಲ, ನೇರ ಮುಖವೇ. ಆ ಕಟಕ್ ಎಂಬ ಸದ್ದೇ ಕನ್ನಡಿ ಸರಿಯುವ ಸದ್ದು. ಹೇಳಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ರತ್ನ ನನ್ನ ಕಡೆಯೇ ನೋಡುತ್ತಿದ್ದಳು. "ಹೋಗ್ತೈತಮ್ಮ" ಎಂದಷ್ಟೇ ಅಂದೆ. ಅದು ನಿಜ, ಉಳಿದದ್ದು ಹೇಳಲಿಲ್ಲ.

"ಅವನು ಒಂದ್ಸಾರಿ ನೋಡ್ಬೇಕು. ನೋಡಿದ್ ಮ್ಯಾಲೆ ಇರಬಾರ್ದು. ಎಲ್ಲೂ ಇರಬಾರ್ದು. ಮಿಂಚು ಹೊಡೀಬ್ಯಾಡ. ನಿನ್ನ ಮಕ್ಕಳಾಣೆ ಹಾಕ್ತೀಯಾ?"

"ಮಕ್ಕಳಿಲ್ಲಮ್ಮ."

ಈರಮ್ಮನ ಮುಖ ಸಡಿಲಾಯಿತು. "ಅಯ್ಯೋ ನಮ್ಮಪ್ಪ" ಎಂದಳು. ಆಮೇಲೆ ಮೆಲ್ಲಗೆ, "ಅಂಗಾದ್ರೆ ಇವಳ ತಲೆ ಮುಟ್ಟಿ ಯೋಳು" ಎಂದು ನನ್ನ ಕೈ ಹಿಡಿದು ಜೋಲಿಯೊಳಗೆ ಇಟ್ಟಳು. ಬೆಚ್ಚಗಿನ, ಎಣ್ಣೆ ಹಚ್ಚಿದ ಪುಟ್ಟ ತಲೆ, ನೆತ್ತಿ ಮಿಡಿಯುತ್ತಿತ್ತು. ಅಳಿಸುತ್ತೇನೆ, ಎಲ್ಲೂ ಉಳಿಸುವುದಿಲ್ಲ ಎಂದೆ.

ರತ್ನ ಕೂಸನ್ನು ಬಾಗಿಲ ಬೆಳಕಿನ ಕಡೆ ತಿರುಗಿಸಿ ಮಡಿಲಲ್ಲಿ ಮಲಗಿಸಿಕೊಂಡಳು. ಕೆನ್ನೆಗೊಂದು ಕಾಡಿಗೆಯ ದೃಷ್ಟಿಬೊಟ್ಟು. "ಈ ಕಡೆ ಕಿವಿ ಬರಂಗೆ ತಗಿಯಣ್ಣ" ಎಂದಳು. ಅವಳು ಆಡಿದ್ದು ಅದೊಂದೇ ಮಾತು. ಬಲಗಿವಿಯ ಮೇಲ್ತುದಿ ಅಪ್ಪನ ಹಾಗೆಯೇ ಮಡಿಚಿತ್ತು. ನಾನು ಮೊಣಕಾಲೂರಿ ಕೂತೆ. ಬೆಳಕು ಅರೆಪಾವಿನಷ್ಟೂ ಇರಲಿಲ್ಲ. ಕಿರುಬೆರಳು ನೇತಾಡುತ್ತಿದ್ದರೂ ಕೈ ಅಲುಗಲಿಲ್ಲ. ಕೂಸು ಕಣ್ಣು ತೆರೆದು, ನನ್ನನ್ನಲ್ಲ, ನನ್ನ ಹಿಂದೆ ಯಾರೋ ಬಂದು ನಿಂತವರನ್ನು ನೋಡುವ ಹಾಗೆ ನೋಡಿತು. ಒಂದೇ ಒಂದು ಹೊಡೆದೆ.

ಪರದೆಯಲ್ಲಿ ಬಂದದ್ದನ್ನು ನೋಡಿದೆ. ಮೂರು ಸಾವಿರ ಮದುವೆ, ಮುಂಜಿವೆ, ತೊಟ್ಟಿಲ ಶಾಸ್ತ್ರ ಹೊಡೆದವನು ನಾನು. ಅಂಥ ಚಿತ್ರ ನನ್ನ ಕೈಯಿಂದ ಅದುವರೆಗೆ ಬಂದಿರಲಿಲ್ಲ. ಬಾಗಿಲ ಬೆಳಕು ಹಣೆಯ ಮೇಲೆ ಇಷ್ಟೇ ಇಷ್ಟು ಹರಿದು, ಕಿವಿಯ ಮಡಿಕೆಯಲ್ಲಿ ನಿಂತಿತ್ತು. ಉಳಿದದ್ದೆಲ್ಲ ಹೇಮಾವತಿಯ ಕಪ್ಪು. ಇದನ್ನು ಅಳಿಸಬೇಕಲ್ಲಾ ಎಂದುಕೊಂಡೆ. ಈರಮ್ಮನಿಗೆ ತೋರಿಸಲು ಹೋದರೆ ಅವಳು ಮುಖ ತಿರುಗಿಸಿ, "ನಂಗ್ಯಾಕೆ, ನಾನು ದಿನಾ ನೋಡ್ತೀನಿ" ಎಂದು ನನಗೆ ಮುದ್ದೆ ಇಕ್ಕಲು ಎದ್ದಳು.

ಭಾನುವಾರ ಬೆಳಿಗ್ಗೆಯೇ ವಾಪಸ್ ಹೊರಟೆ. ಮಡಕಶಿರಾದಲ್ಲಿ ರಾತ್ರಿಯೆಲ್ಲ ಕರೆಂಟಿರಲಿಲ್ಲ. ಬ್ಯಾಟರಿಯ ಗುರುತು ಕೆಂಪಗೆ ಮಿಣುಕುತ್ತಿತ್ತು. ನೋಡುವ ಆಸೆ ಎಷ್ಟಾದರೂ ಕ್ಯಾಮೆರಾ ಆನ್ ಮಾಡಲಿಲ್ಲ, ಚೀಲವನ್ನು ಮಡಿಲಲ್ಲಿಟ್ಟುಕೊಂಡು ಕೂತೆ. ಕಲ್ಯಾಣದುರ್ಗದಲ್ಲಿ ಬಸ್ಸಿನ ಮೇಲೆ ಶೇಂಗಾ ಮೂಟೆ ಏರಿಸುತ್ತ ಮುಕ್ಕಾಲು ತಾಸು ಕಳೆದರು. ನಾನು ಇಳಿದು ಹೋಗಿ ಜಗಳಾಡಿದೆ. ಹಮಾಲಿ ತಣ್ಣಗೆ, "ಮೀರು ಒಕ ಚೆಯ್ಯಿ ವೇಯಂಡಿ ಸಾರ್" ಎಂದ. ಅವನು ಕೇಳಿದಂತೆ ಒಂದು ಕೈ ಹಾಕಿದೆ. ಕೊನೆಯ ನಾಲ್ಕು ಮೂಟೆಗೆ ನಾನೂ ಹೆಗಲು ಕೊಟ್ಟದ್ದಕ್ಕೋ ಏನೋ ಬಸ್ಸು ಬೇಗ ಹೊರಟಿತು.

ರಾಯದುರ್ಗ ಮುಟ್ಟಿದಾಗ ನಾಲ್ಕೂವರೆ. ತಿಪ್ಪೇಸ್ವಾಮಿ ಬಸ್‌ಸ್ಟ್ಯಾಂಡಿನ ಬೇವಿನ ಕೆಳಗೆ ಟ್ರಂಕಿನ ಮೇಲೆ ಕೂತಿದ್ದ. ಜೊತೆಯ ನಾಲ್ವರು ಆಗಲೇ ಸೀಟಿಗೆ ಟವೆಲ್ ಹಾಕಿದ್ದರು. ನನ್ನನ್ನು ಕಂಡು ಎದ್ದು ನಿಂತು ಚೀಲದ ಕಡೆ ನೋಡಿದ.

"ಕಿವಿ ನಿಂದ" ಎಂದೆ. "ಅತ್ತಿ ಒಪ್ಪ್ಯಾಳ. ನೋಡಿ ಅಳಿಸ್ಬೇಕು."

ಆದರೆ ಇಳಿಬಿಸಿಲು ನೇರ ಪರದೆಗೆ ಹೊಡೆಯುತ್ತಿತ್ತು. ಆ ಕಾಲದ ಪರದೆ ಬಿಸಿಲಿನಲ್ಲಿ ಬರೀ ಬೂದಿ. ಕೈ ಅಡ್ಡ ಹಿಡಿದೆ, ಚೀಲ ಅಡ್ಡ ಹಿಡಿದೆ, ಏನೂ ಕಾಣಲಿಲ್ಲ. ಬ್ಯಾಟರಿ ಮಿಣುಕುತ್ತಲೇ ಇತ್ತು. ತಿಪ್ಪೇಸ್ವಾಮಿ ಸರಕ್ಕನೆ ಟ್ರಂಕು ತೆಗೆದು, ಹೊಲಿಯದ ಜೀನ್ಸ್ ಬಟ್ಟೆಯ ಒಂದು ತುಂಡು ಎಳೆದು, ತಲೆಯ ಮೇಲೆ ಪೂರ್ತಿ ಮುಸುಕು ಹಾಕಿಕೊಂಡು ನನ್ನ ಕೈಯಿಂದ ಕ್ಯಾಮೆರಾ ಒಳಕ್ಕೆ ತೆಗೆದುಕೊಂಡ. ಹಳೆಯ ಕಾಲದ ಸ್ಟುಡಿಯೋದವರು ಕರಿಬಟ್ಟೆಯೊಳಗೆ ತಲೆ ತೂರಿಸುತ್ತಿದ್ದರಲ್ಲ, ಥೇಟ್ ಹಾಗೆ. ನಾನು ಹೊರಗಿನಿಂದಲೇ, ಎಡಗಡೆಯ ಗುಂಡಿ ಒತ್ತು ಎಂದೆ.

ಸುತ್ತ ಬಸ್‌ಸ್ಟ್ಯಾಂಡಿನ ಗದ್ದಲ. ಜನ ನಮ್ಮನ್ನು ನೋಡಿ ನಗುತ್ತ ಹೋಗುತ್ತಿದ್ದರು. ನೀಲಿ ಬಟ್ಟೆಯೊಳಗಿಂದ "ಹೌದ್ರಿ, ನಂದ ಕಿವಿ" ಎಂದದ್ದು ಕೇಳಿತು. ಆಮೇಲೆ ಬಟ್ಟೆ ಅಲ್ಲಾಡತೊಡಗಿತು. ಅವನು ಅಳುತ್ತಿದ್ದ. ನಾನು ಬಸ್ಸಿನ ಬೋರ್ಡು ಓದುತ್ತ ನಿಂತೆ, ಅದನ್ನೇ ನಾಲ್ಕು ಸಲ ಓದಿದೆ.

ಡ್ರೈವರು ಹಾರ್ನ್ ಒತ್ತಿದ. ಮುಸುಕಿನೊಳಗಿಂದ ದನಿ ಬಂತು. "ಹೆಂಗ ಅಳಿಸೋದ್ರಿ?" ಹೇಳಿಕೊಟ್ಟೆ. ಸ್ವಲ್ಪ ಹೊತ್ತಾದ ಮೇಲೆ, "ಇದು ಖರೇನ ಅಳಿಸ್ಲೇನು ಅಂತ ಇನ್ನೊಂದ್ ಸಲ ಕೇಳ್ತೈತಲ್ರಿ" ಎಂದ. ಹೌದಪ್ಪ, ಅದು ಎರಡು ಸಲ ಕೇಳುತ್ತದೆ ಎಂದೆ. ಎರಡನೆಯ ಸಲ ಅವನು ಎಷ್ಟು ಹೊತ್ತು ತೆಗೆದುಕೊಂಡನೋ ನಾನು ಎಣಿಸಲಿಲ್ಲ. ಮುಸುಕು ತೆಗೆದು ಕ್ಯಾಮೆರಾ ನನ್ನ ಕೈಗಿಟ್ಟಾಗ ಪರದೆ ಆರಿತ್ತು. ಅವನ ಹುಬ್ಬಿಗೆ ನೀಲಿ ನವಿರು ಮೆತ್ತಿತ್ತು. "ಅತ್ತಿ ಮನಿಗೆ ಫೋನ್ ಮಾಡಿ ಹೇಳ್ತೀನ್ರಿ, ಅಳಿಸೀನಿ ಅಂತ" ಎಂದು ನನ್ನ ಎರಡೂ ಕೈ ಹಿಡಿದು, ಟ್ರಂಕು ಎತ್ತಿಕೊಂಡು, ಹೊರಟ ಬಸ್ಸನ್ನು ಹತ್ತಿಕೊಂಡ.

ಸೋಮವಾರ ಬಳ್ಳಾರಿಯಲ್ಲಿ, ಉಳಿದ ಫೋಟೋಗಳನ್ನು ಸ್ಟುಡಿಯೋ ಪಕ್ಕದ ಕಂಪ್ಯೂಟರ್ ಸೆಂಟರಿನಲ್ಲಿ ಸಿ.ಡಿ.ಗೆ ಹಾಕಿಸಿದೆ. ಗಿರಿಜಾ ಜೊತೆಗೆ ಬಂದಿದ್ದಳು. ನೀಲಿ ನೋಡಿ ಸುಮ್ಮನಿದ್ದಳು, ಹೇಮಾವತಿಯ ಹಕ್ಕಿ ನೋಡಿ "ಬಂದೈತಿ ಬಿಡ್ರಿ" ಎಂದಳು. ಸೆಂಟರಿನ ಹೆಣ್ಣುಮಗಳು ಫೋಟೋಗಳ ನಂಬರು ನೋಡುತ್ತ, ನಡುವೆ ಒಂದು ನಂಬರು ಹಾರಿದೆಯಲ್ಲ ಎಂದು ಕೇಳಿದಳು. ಅಳಿಸಿದ್ದು ಎಂದೆ. "ಬೇಕಿದ್ರ ವಾಪಸ್ ತಗೀಬೋದ್ರಿ. ಅಳಿಸಿದ್ದು ಕಾರ್ಡಿನ್ಯಾಗ ಇರ್ತೈತಿ, ಕಣ್ಣಿಗೆ ಕಾಣಂಗಿಲ್ಲ ಅಷ್ಟ. ಹತ್ತು ನಿಮಿಷದ ಕೆಲಸ."

ಹತ್ತು ನಿಮಿಷ! ನನ್ನ ಜೀವಮಾನದ ಚಿತ್ರ. ಯಾರಿಗೆ ಗೊತ್ತಾಗುತ್ತದೆ? ವರ್ಷದ ಮೇಲೆ ತಿಪ್ಪೇಸ್ವಾಮಿ ಬಂದಾಗ ಚೌಕಟ್ಟು ಹಾಕಿಸಿ ಕೊಡಬಹುದಲ್ಲ ಎಂದೂ ಮನಸ್ಸು ಹೇಳಿತು. ಮಾತು ನಾಲಿಗೆಯ ತುದಿಗೆ ಬಂದಿತ್ತು, ಆಗ ಅಂಗೈಯಲ್ಲಿ ಆ ಪುಟ್ಟ ನೆತ್ತಿ ಮಿಡಿದಂತಾಯಿತು. ಈರಮ್ಮನಿಗೆ ಕನ್ನಡಿಯ ವಿಷಯದಲ್ಲಿ ಒಂದು ಸಲ ಮೋಸ ಮಾಡಿಯಾಗಿತ್ತು. ಬೇಡಮ್ಮ ಎಂದು ಕಾರ್ಡು ಕಸಿದುಕೊಂಡಂತೆ ತೆಗೆದುಕೊಂಡು ಹೊರಬಂದೆ. ಏನಾಯಿತು ಎಂದು ಗಿರಿಜಾ ಗಾಬರಿಯಿಂದ ಹಿಂದೆ ಬಂದಳು. ಮನೆಯ ಮೆಟ್ಟಿಲು ಹತ್ತುತ್ತ ಎಲ್ಲ ಹೇಳಿದೆ.

ಮಹಡಿಯ ಮೇಲೆ ನಿಂತು ಕಾರ್ಡು ಖಾಲಿ ಮಾಡಿ, ಆಕಾಶ ಹೊಡೆಯತೊಡಗಿದೆ. ಹಳೆಯದರ ಮೇಲೆ ಹೊಸದು ಬೀಳುವ ತನಕ, ಕಾರ್ಡು ತುಂಬುವ ತನಕ. ಮೋಡವಿಲ್ಲದ ಬರೀ ನೀಲಿ. ಮೊದಲನೇ ತೊಳೆತದ ನೀಲಿಯೋ ಎರಡನೆಯದೋ, ತಿಪ್ಪೇಸ್ವಾಮಿ ಇದ್ದಿದ್ದರೆ ಹೇಳುತ್ತಿದ್ದ. ಅರುವತ್ತು ಚಿಲ್ಲರೆ ಸಲ ಕಟಕ್ ಎಂದಿತು. ಪ್ರತಿ ಸಲವೂ ಒಳಗೆ ಕನ್ನಡಿ ಏಳುತ್ತಿತ್ತು, ಬೀಳುತ್ತಿತ್ತು. ಇನ್ನು ಜಾಗವಿಲ್ಲ ಎಂದು ಕ್ಯಾಮೆರಾ ಹೇಳಿದಾಗ ನಾನು ನೀರಿನ ಟಾಕಿಗೆ ಒರಗಿ ಕೂತುಬಿಟ್ಟೆ. ಕಳೆದುಕೊಂಡದ್ದಕ್ಕೆ ದುಃಖವಾಗಿತ್ತು, ಸುಳ್ಳು ಯಾಕೆ ಹೇಳಲಿ.

ಗಿರಿಜಾ ಮೊದಲ ಸಲ ಕ್ಯಾಮೆರಾ ಕೈಗೆ ತೆಗೆದುಕೊಂಡಳು. ಬಿಸಿಲಿಗೆ ಕಾಣದೆ ಸೆರಗು ತಲೆಯ ಮೇಲೆ ಮುಸುಕು ಹಾಕಿಕೊಂಡು, ಒಂದೊಂದೇ ಆಕಾಶ ನೋಡುತ್ತ ಹೋದಳು. ಗುಂಡಿ ಒತ್ತಿ ಒಂದನ್ನು ದೊಡ್ಡದು ಮಾಡಿದಳು.

"ಇದೇನ್ರಿ, ಎಲ್ಲದರಾಗೂ ಒಂದ ಕಡೆ ಸಣ್ಣ ಚುಕ್ಕಿ ಐತಿ?"

ನೋಡಿದೆ. ಪ್ರತಿಯೊಂದು ಆಕಾಶದಲ್ಲೂ ಬಲಗಡೆ ಮೇಲೆ ಅದೇ ಜಾಗದಲ್ಲಿ ಕಪ್ಪನೆಯ ಒಂದು ಚುಕ್ಕೆ. ಈರಮ್ಮನಿಗೆ ಕನ್ನಡಿ ತೋರಿಸಲು ಲೆನ್ಸ್ ಬಿಚ್ಚಿದಾಗ ಹೊಕ್ಕ ಆ ಮನೆಯ ಧೂಳು. ಅಂಗಡಿಯವರಿಗೆ ಹೀಗೇ ಹೇಗೆ ಕಳಿಸುವುದು, ಗುರುವಾರದೊಳಗೆ ಶುದ್ಧ ಮಾಡಿಸಬೇಕು ಎಂದು ಗೊಣಗಿದೆ.

ಸೆರಗಿನೊಳಗೇ ಗಿರಿಜಾ ಇನ್ನೆರಡು ಆಕಾಶ ನೋಡಿದಳು. ಆಮೇಲೆ, "ತಗಸಬ್ಯಾಡ್ರಿ" ಎಂದಳು. "ದೃಷ್ಟಿಬೊಟ್ಟು ಇಟ್ಟಂಗೈತಿ. ಇರ್ಲಿ."

ಗುರುವಾರ ಕೊರಿಯರಿನವನು ಬಂದ, ಬರಿಗೈಯಲ್ಲಿ ವಾಪಸ್ ಹೋದ.